ವಾರಸಿನ ಸಾಲು: ಅಳಿಯಕಟ್ಟಿನಿಂದ ಕಂಪ್ಯೂಟರಿನವರೆಗೆ



ತುಳುನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ‘ವಾರಸು’ ಎಂಬ ಶಬ್ದದ ಭಾರ ಎಷ್ಟೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಜಿಲ್ಲೆಯ ನ್ಯಾಯಾಲಯಗಳಲ್ಲಿ ತಲೆಮಾರುಗಳ ಕಾಲ ನಡೆದ ಅನೇಕ ವ್ಯಾಜ್ಯಗಳು ಒಂದೇ ಪ್ರಶ್ನೆಯ ಸುತ್ತ ತಿರುಗಿದವು. ಮೊದಲು ಯಾರು, ಅನಂತರ ಯಾರು? ಮಗನೋ, ಅಳಿಯನೋ? ಅಕ್ಕನ ಮಕ್ಕಳೋ, ತಂಗಿಯ ಮಕ್ಕಳೋ? ಸಾಲಿನಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದರ ಮೇಲೆ ಗದ್ದೆ, ಹಿತ್ತಿಲು, ಮನೆ, ಕೆಲವೊಮ್ಮೆ ಮಾತುಕತೆಯೂ ನಿಂತಿರುತ್ತಿತ್ತು.

ಈ ವಿಷಯವನ್ನು ನಾನು ಸಮಾಜಶಾಸ್ತ್ರದ ಪಾಠವಾಗಿ ಹಲವು ವರ್ಷ ಕಲಿಸಿದವನು. ಆದರೆ ಅದೇ ಪ್ರಶ್ನೆ ಕಂಪ್ಯೂಟರಿನ ಭಾಷೆಗಳಲ್ಲಿಯೂ ಉಂಟೆಂದು ನನಗೆ ತಿಳಿಸಿದವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ವೃತ್ತಿಯಲ್ಲಿರುವ ಒಬ್ಬ ಹಳೆಯ ವಿದ್ಯಾರ್ಥಿ. ‘ಮಾಸ್ಟ್ರೇ, ನಮ್ಮಲ್ಲಿಯೂ ವಾರಸುದಾರರ ಸಾಲು ಉಂಟು. ಬೇಕಾದರೆ ಆ ಸಾಲನ್ನು ನಾವೇ ತಿದ್ದಿ ಬರೆಯಬಹುದು’ ಎಂದ ಅವನ ಮಾತು ನನ್ನಲ್ಲಿ ಕುತೂಹಲ ಹುಟ್ಟಿಸಿತು. ಅವನು ಕೊಟ್ಟ ಪುಸ್ತಕಗಳನ್ನು ನಿಧಾನವಾಗಿ ಓದಿ, ನನಗೆ ಮೊದಲೇ ತಿಳಿದಿದ್ದ ಊರಿನ ಇತಿಹಾಸದ ಪಕ್ಕದಲ್ಲಿಟ್ಟು ನೋಡಿದೆ. ಎರಡೂ ಒಂದನ್ನೊಂದು ಬೆಳಗುವುದು ಕಂಡಿತು. ಅದನ್ನೇ ಇಲ್ಲಿ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಯಂತ್ರದ ಮನೆತನ

ಕಂಪ್ಯೂಟರಿಗೆ ನಾವು ಬರೆದುಕೊಟ್ಟ ಆದೇಶಗಳನ್ನು ಸಾಲುಸಾಲಾಗಿ ಓದಿ ಯಂತ್ರಕ್ಕೆ ತಿಳಿಯುವಂತೆ ನಡೆಸಿಕೊಡುವ ವ್ಯವಸ್ಥೆಗೆ ಇಂಟರ್‌ಪ್ರಿಟರ್ ಎಂದು ಹೆಸರು. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ‘ದುಭಾಷಿ’. ಈ ಬರವಣಿಗೆಯಲ್ಲಿ ಸಮಾನ ಗುಣಗಳುಳ್ಳ ವಸ್ತುಗಳಿಗೆ ಒಂದು ‘ಕ್ಲಾಸ್’ ಮಾಡುತ್ತಾರೆ. ಆ ಕ್ಲಾಸಿಗೆ ತಿಳಿದಿರುವ ಕೆಲಸದ ವಿಧಾನಕ್ಕೆ ‘ಮೆಥಡ್’ ಎನ್ನುತ್ತಾರೆ. ಒಂದು ಕ್ಲಾಸು ಇನ್ನೊಂದರ ಸಂತಾನವಾಗಬಹುದು. ಆಗ ತನಗೆ ತಿಳಿಯದ ವಿಧಾನವನ್ನು ಹಿರಿಯ ಕ್ಲಾಸಿನಲ್ಲಿ ಹುಡುಕಿ ಪಡೆಯುತ್ತದೆ. ಈ ಕಲ್ಪನೆ ಮೊದಲು ರೂಪುಗೊಂಡದ್ದು ನಾರ್ವೆ ದೇಶದ ಓಸ್ಲೋ ನಗರದಲ್ಲಿ. ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನಿಗಾರ್ಡ್ ಎಂಬ ಇಬ್ಬರು ವಿದ್ವಾಂಸರು ‘ಸಿಮ್ಯುಲಾ 67’ ಎಂಬ ಭಾಷೆಯಲ್ಲಿ ಇದನ್ನು ತಂದರು. ಅಲ್ಲಿ ಒಂದು ಕ್ಲಾಸಿಗೆ ಒಬ್ಬನೇ ಹಿರಿಯ. ಆದುದರಿಂದ ತಕರಾರಿಗೆ ಎಡೆಯಿರಲಿಲ್ಲ. ಮಗ, ತಂದೆ, ಅಜ್ಜ ಎಂದು ನೇರವಾಗಿ ಮೇಲಕ್ಕೆ ಹೋದರಾಯಿತು.

ತಕರಾರು ಆರಂಭವಾದದ್ದು ಒಂದು ಕ್ಲಾಸಿಗೆ ಇಬ್ಬರು ಮೂವರು ಹಿರಿಯರು ಇರಬಹುದು ಎಂದಾಗ. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಲಿಸ್ಪ್ ಯಂತ್ರಗಳಿಗಾಗಿ ‘ಫ್ಲೇವರ್ಸ್’ ಎಂಬ ಪದ್ಧತಿ ಹುಟ್ಟಿತು. ಸಮೀಪದ ಸೋಮರ್‌ವಿಲ್‌ನಲ್ಲಿ ಐಸ್‌ಕ್ರೀಮಿಗೆ ಬೀಜ, ಬಿಸ್ಕತ್ತು ಮೊದಲಾದುವನ್ನು ಕಲಸಿಕೊಡುವ ಒಂದು ಅಂಗಡಿಯಿಂದ ಈ ಹೆಸರಿನ ಪ್ರೇರಣೆ ಬಂದಿತಂತೆ. ಹಲವು ರುಚಿಗಳನ್ನು ಕಲಸಿದಂತೆ ಹಲವು ಕ್ಲಾಸುಗಳ ಗುಣಗಳನ್ನು ಒಂದರಲ್ಲಿ ಕಲಸುವುದು ಅದರ ಉದ್ದೇಶ. ಆದರೆ ಇಬ್ಬರು ಹಿರಿಯರೂ ಒಂದೇ ಹೆಸರಿನ ವಿಧಾನವನ್ನು ಬೇರೆ ಬೇರೆ ರೀತಿಯಲ್ಲಿ ಬಲ್ಲವರಾದರೆ ಕಿರಿಯನು ಯಾರದನ್ನು ಪಡೆಯಬೇಕು? ಇದಕ್ಕೆ ಉತ್ತರವಾಗಿ ಪ್ರತಿಯೊಂದು ಕ್ಲಾಸಿಗೂ ಹಿರಿಯರ ಒಂದು ಸಾಲನ್ನು ಕಟ್ಟಿಡಬೇಕಾಯಿತು. ಆ ಸಾಲಿನಲ್ಲಿ ಮೊದಲು ಸಿಕ್ಕಿದವನ ವಿಧಾನವೇ ನಡೆಯುತ್ತದೆ. ಮುಂದಿನವರು ಬಾಯಿ ಮುಚ್ಚಿಕೊಂಡಿರಬೇಕು.

ಸಾಲನ್ನು ಹೇಗೆ ಕಟ್ಟುವುದು ಎಂಬ ವಿಷಯಕ್ಕೆ ಮತ್ತೆ ಬರುತ್ತೇನೆ. ಅದಕ್ಕೆ ಮೊದಲು ನಮ್ಮ ನಾಡಿನವರು ಇಂಥದೇ ಸಾಲನ್ನು ಹೇಗೆ ಕಟ್ಟಿದರು, ಹೇಗೆ ತಿದ್ದಿದರು ಎಂಬುದನ್ನು ನೋಡೋಣ.

ಭೂತಾಳಪಾಂಡ್ಯನ ಕಟ್ಟು

ನಮ್ಮ ಜಿಲ್ಲೆಯ ಬಂಟ, ಬಿಲ್ಲವ, ಮೊಗವೀರ ಮೊದಲಾದ ಅನೇಕ ಸಮುದಾಯಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತಿತ್ತು. ಇದಕ್ಕೆ ಅಳಿಯಸಂತಾನ ಅಥವಾ ಅಳಿಯಕಟ್ಟು ಎಂದು ಹೆಸರು. ತಂದೆಯಿಂದ ಮಗನಿಗೆ ಇಳಿಯುವ ಪದ್ಧತಿಗೆ ಮಕ್ಕಳಸಂತಾನ ಅಥವಾ ಮಕ್ಕಳಕಟ್ಟು ಎನ್ನುತ್ತಿದ್ದರು. ಒಂದೇ ಬೀದಿಯಲ್ಲಿ, ಒಂದೇ ಬಾವಿಯ ನೀರು ಕುಡಿಯುವ ಎರಡು ಮನೆಗಳಲ್ಲಿ ಎರಡು ಕಟ್ಟುಗಳಿದ್ದುದನ್ನು ನಮ್ಮ ಅತ್ತಾವರದ ಹಿರಿಯರು ಕಂಡಿದ್ದರು.

ಈ ಕಟ್ಟಿನ ಮೂಲದ ಬಗೆಗಿನ ಐತಿಹ್ಯವನ್ನು ನೀವೆಲ್ಲ ಬಾಲ್ಯದಲ್ಲಿ ಕೇಳಿದ್ದೀರಿ. ದೇವಪಾಂಡ್ಯನೆಂಬವನ ಹೊಸ ಹಡಗುಗಳು ಕಡಲಿಗೆ ಇಳಿಯುವ ಹೊತ್ತಿಗೆ ಕುಂಡೋದರನೆಂಬ ಭೂತವು ನರಬಲಿ ಕೇಳಿತು. ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸಿದಳು. ಭೂತವು ಮೆಚ್ಚಿ ಬಾಲಕನನ್ನು ಉಳಿಸಿತು. ಅಂದಿನಿಂದ ಸಂಪತ್ತು ಮಗನಿಗಲ್ಲ, ಅಳಿಯನಿಗೆ ಎಂದು ನಿಶ್ಚಯವಾಯಿತು. ಆ ಅಳಿಯನೇ ಭೂತಾಳಪಾಂಡ್ಯನೆಂಬ ಹೆಸರಿನಿಂದ ಆಳಿ ಕಟ್ಟುಕಟ್ಟಳೆಗಳನ್ನು ಮಾಡಿದನೆಂದು ಕಥೆ. ಇದನ್ನು ಇತಿಹಾಸವೆಂದು ಸ್ವೀಕರಿಸಲು ಆಧಾರವಿಲ್ಲ. ಆದರೂ ಕಥೆಯ ತಿರುಳನ್ನು ಗಮನಿಸಿ. ವಾರಸಿನ ಸಾಲು ಪ್ರಕೃತಿ ಕೊಟ್ಟದ್ದಲ್ಲ, ಮನುಷ್ಯರು ಒಂದು ಕಾರಣಕ್ಕಾಗಿ ಬದಲಿಸಿದ್ದು ಎಂಬ ತಿಳಿವಳಿಕೆ ಅದರೊಳಗೆ ಇದೆ. ಒಂದು ಸಾಲು ಮೊದಲೇ ಇತ್ತು, ಅದನ್ನು ತಿದ್ದಲಾಯಿತು, ತಿದ್ದಿದ್ದಕ್ಕೆ ಹೆಂಗಸೊಬ್ಬಳ ತ್ಯಾಗ ಕಾರಣವಾಯಿತು ಎಂದು ನಮ್ಮ ಜನ ನಂಬಿದ್ದರು.

ಈ ಕಟ್ಟಿನಲ್ಲಿ ಒಬ್ಬ ಮೂಲಸ್ತ್ರೀಯ ಸಂತತಿಯೆಲ್ಲ ಸೇರಿ ‘ಕುಟುಂಬ’. ಅದರೊಳಗೆ ಒಬ್ಬ ಹೆಂಗಸು, ಅವಳ ಮಕ್ಕಳು ಮತ್ತು ಹೆಣ್ಣುಮಕ್ಕಳ ಮೂಲಕ ಮುಂದುವರಿದ ಸಂತತಿ ಸೇರಿ ಒಂದು ‘ಕವರು’. ಆಡಳಿತ ನಡೆಸುವವನು ಯಜಮಾನ, ಹೆಂಗಸಾದರೆ ಯಜಮಾನ್ತಿ. ಗಂಡಸಿಗೆ ಕುಟುಂಬದಲ್ಲಿ ಪೂರ್ಣ ಸ್ಥಾನವುಂಟು, ಆದರೆ ಅವನ ಮಕ್ಕಳು ಅವನ ಕುಟುಂಬದವರಲ್ಲ. ಅವರು ಅವರ ತಾಯಿಯ ಕುಟುಂಬಕ್ಕೆ ಸೇರಿದವರು. ಇಲ್ಲಿ ಹೆಂಗಸೇ ಬೇರು, ಗಂಡಸು ಕವಲೊಡೆಯದ ಕೊಂಬೆ.

1799ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ಧರ್ಮಶಾಸ್ತ್ರದ ಮಿತಾಕ್ಷರ ಪದ್ಧತಿಯನ್ನು ಓದಿ ಬಂದ ನ್ಯಾಯಾಧೀಶರಿಗೆ ಈ ಕಟ್ಟು ವಿಚಿತ್ರವಾಗಿ ಕಂಡಿತು. ಬಾಯಿಮಾತಿನಲ್ಲಿದ್ದ ರೂಢಿಯನ್ನು ಸಾಕ್ಷಿಗಳ ಮೂಲಕ ಕೇಳಿ ತಿಳಿದು ತೀರ್ಪುಗಳಲ್ಲಿ ಬರೆದಿಟ್ಟರು. 1862ರಲ್ಲಿ ಸ್ಥಾಪನೆಯಾದ ಮದ್ರಾಸು ಹೈಕೋರ್ಟು ಮರುವರ್ಷವೇ ಮುಂಡ ಚೆಟ್ಟಿ ಎಂಬವರ ಹೆಸರಿನ ಪ್ರಕರಣದಲ್ಲಿ, ಅಳಿಯಸಂತಾನ ಕುಟುಂಬದ ಒಬ್ಬ ಸದಸ್ಯನು ಪಾಲು ಮಾಡಿಕೊಡಿರೆಂದು ಉಳಿದವರನ್ನು ಒತ್ತಾಯಿಸುವಂತಿಲ್ಲ ಎಂದು ತೀರ್ಮಾನಿಸಿತು. ಎಲ್ಲರೂ ಒಪ್ಪಿದರೆ ಪಾಲು, ಇಲ್ಲವಾದರೆ ಒಟ್ಟಿಗೇ ಇರತಕ್ಕದ್ದು. ಹೀಗೆ ಹೊಂದಿಕೊಂಡು ಬಾಗುತ್ತಿದ್ದ ರೂಢಿ ಬರವಣಿಗೆಗೆ ಇಳಿದು ಗಟ್ಟಿಯಾಯಿತು.

‘ನಿಸ್ಸಂತತಿ’ ಎಂಬ ಮಾತು

ಈ ಗಟ್ಟಿತನವನ್ನು ಸಡಿಲಿಸಲು ಬಂದದ್ದು 1949ರ ಮದ್ರಾಸು ಅಳಿಯಸಂತಾನ ಕಾಯಿದೆ. ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಅದು ಕೊಟ್ಟಿತು. ಆದರೆ ಕವರುಗಳನ್ನು ಎರಡಾಗಿ ವಿಂಗಡಿಸಿತು. ಐವತ್ತು ವರ್ಷ ತುಂಬದ ಹೆಂಗಸು ಒಬ್ಬಳಾದರೂ ಇರುವ ಕವರು ‘ಸಂತತಿ ಕವರು’. ಅಂಥವಳು ಇಲ್ಲದ್ದು ‘ನಿಸ್ಸಂತತಿ ಕವರು’. ಕುಟುಂಬದಲ್ಲಿ ಮುಂದುವರಿಯಬಲ್ಲ ಬೇರೆ ಕವರು ಇದ್ದಾಗ ನಿಸ್ಸಂತತಿ ಕವರಿಗೆ ಸಿಗುವ ಪಾಲು ಜೀವಾವಧಿಗೆ ಮಾತ್ರ. ಅವರ ಕಾಲಾನಂತರ ಅದು ಮುಂದುವರಿಯುವ ಕವರಿಗೆ ಮರಳತಕ್ಕದ್ದು.

ಕಾಯಿದೆಯ ತರ್ಕ ಸರಿಯಾಗಿಯೇ ಇತ್ತು. ಹೆಣ್ಣಿನ ಮೂಲಕ ಮುಂದುವರಿಯುವ ಮನೆಯಲ್ಲಿ ಮುಂದೆ ಹೆಣ್ಣು ಹುಟ್ಟಲಾರದ ಕವಲಿಗೆ ಶಾಶ್ವತ ಹಕ್ಕು ಕೊಟ್ಟರೆ ಆಸ್ತಿ ಕುಟುಂಬದ ಹೊರಗೆ ಹೋಗುತ್ತದೆ. ಆದರೆ ತರ್ಕ ಮನೆಯೊಳಗೆ ಬಂದಾಗ ಏನಾಯಿತೆಂಬುದನ್ನು ನನ್ನ ತಾಯಿಯ ಬಾಯಿಂದ ಕೇಳಿದ್ದೇನೆ.

1952ರಲ್ಲಿ ನಮ್ಮ ಕುಟುಂಬದಲ್ಲಿ ಪಾಲಿನ ಮಾತು ಎದ್ದಿತು. ಅಜ್ಜಿಗೆ ಮೂವರು ಹೆಣ್ಣುಮಕ್ಕಳು, ಒಬ್ಬ ಮಗ. ಅಜ್ಜಿಯ ಅಕ್ಕ, ನಾವು ದೊಡ್ಡಜ್ಜಿ ಎಂದು ಕರೆಯುತ್ತಿದ್ದವಳು, ಇಬ್ಬರು ಗಂಡುಮಕ್ಕಳನ್ನು ಮಾತ್ರ ಹೆತ್ತವಳು. ಆಗ ಅವಳಿಗೆ ಐವತ್ತೇಳು ವರ್ಷ. ವಕೀಲರ ಗುಮಾಸ್ತ ಕರಡು ಪಾಲುಪತ್ರವನ್ನು ಚಾವಡಿಯಲ್ಲಿ ಕುಳಿತು ಓದಿದ. ‘ನಿಸ್ಸಂತತಿ ಕವರು’ ಎಂಬ ಮಾತು ಬಂದಾಗ ದೊಡ್ಡಜ್ಜಿ ಅರ್ಥ ಕೇಳಿದಳು. ಯಾರೋ ಹಿಂದೆಮುಂದೆ ನೋಡುತ್ತ ವಿವರಿಸಿದರು. ಅವಳು ತುಳುವಿನಲ್ಲಿ ಹೇಳಿದ ಮಾತಿನ ತಾತ್ಪರ್ಯ ಇಷ್ಟು: ‘ಇಬ್ಬರನ್ನು ಹೆತ್ತು, ಹಾಲು ಕೊಟ್ಟು, ಸಾಕಿದ್ದೇನೆ. ಇಬ್ಬರೂ ಇಲ್ಲಿಯೇ ಕುಳಿತಿದ್ದಾರೆ. ಇವರ ಎದುರಿಗೆ ನನ್ನನ್ನು ಸಂತತಿ ಇಲ್ಲದವಳು ಎಂದು ಬರೆಯುತ್ತೀರಾ?’

ಅವಳು ಹೆಬ್ಬೆಟ್ಟು ಒತ್ತಲಿಲ್ಲ. ಪಾಲಿನ ಮಾತು ಅಲ್ಲಿಗೆ ನಿಂತಿತು. ಯಜಮಾನರಾಗಿದ್ದ ಅಜ್ಜಿಯ ತಮ್ಮ ಆ ಕಾಗದವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರಂತೆ. ಸಾಲನ್ನು ಕಟ್ಟಿದವರಿಗೆ ಅದೊಂದು ಪಾರಿಭಾಷಿಕ ಶಬ್ದ ಮಾತ್ರವಾಗಿತ್ತು. ಸಾಲಿನ ಕೊನೆಯಲ್ಲಿ ನಿಲ್ಲಿಸಲ್ಪಟ್ಟವಳಿಗೆ ಅದು ಬದುಕಿನ ಮೇಲೆ ಬಂದ ತೀರ್ಪಾಗಿತ್ತು.

ದೇಶಕ್ಕೊಂದು ಸಾಲು, ನಮಗೊಂದು ತಿದ್ದುಪಡಿ

1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದಿತು. ಇಡೀ ದೇಶದ ಹಿಂದೂಗಳಿಗೆ ಒಂದೇ ವಾರಸಿನ ಸಾಲನ್ನು ಕಟ್ಟುವ ಪ್ರಯತ್ನ ಅದು. ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಅವನ ಆಸ್ತಿಗೆ ಮೊದಲ ಸಾಲಿನಲ್ಲಿ ಮಗ, ಮಗಳು, ಹೆಂಡತಿ, ತಾಯಿ ಒಟ್ಟಿಗೆ ನಿಲ್ಲುತ್ತಾರೆ. ಅಳಿಯನು ಆ ಸಾಲಿನಿಂದ ಹೊರಗೆ ಹೋದನು. ಶತಮಾನಗಳ ಕಟ್ಟು ಒಂದು ದಿನಾಂಕದಿಂದ ಬದಲಾಯಿತು.

ಆದರೆ ಶಾಸನವನ್ನು ರಚಿಸಿದವರು ನಮ್ಮ ಕಡಲತೀರವನ್ನು ಸಂಪೂರ್ಣ ಮರೆಯಲಿಲ್ಲ. ಆ ಕಾಯಿದೆಯ 15ನೆಯ ಮತ್ತು 17ನೆಯ ಸೆಕ್ಷನ್ನುಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿ ಎಂದು ನಾನು ಎಲ್ಲ ಹೆಣ್ಣುಮಕ್ಕಳಿಗೂ ಹೇಳುತ್ತೇನೆ. 15ನೆಯದು ಹೆಂಗಸಿನ ಆಸ್ತಿಗೆ ದೇಶದ ಸಾಮಾನ್ಯ ಸಾಲು. ಮೊದಲು ಮಕ್ಕಳು ಮತ್ತು ಗಂಡ. ಎರಡನೆಯದಾಗಿ ಗಂಡನ ವಾರಸುದಾರರು. ಮೂರನೆಯದಾಗಿ ಅವಳ ತಾಯಿತಂದೆ. ಆಮೇಲೆ ತಂದೆಯ ವಾರಸುದಾರರು. ಕೊನೆಗೆ ತಾಯಿಯ ವಾರಸುದಾರರು. ತವರಿನಿಂದ ಬಂದ ಆಸ್ತಿಗೆ ಬೇರೆ ವಿನಾಯಿತಿ ಉಂಟಾದರೂ ಸಾಮಾನ್ಯ ಕ್ರಮ ಇದು. ಹೆತ್ತ ತಾಯಿಗಿಂತ ಮೊದಲು ಗಂಡನ ಅಣ್ಣತಮ್ಮಂದಿರು!

17ನೆಯ ಸೆಕ್ಷನ್ ಮರುಮಕ್ಕತ್ತಾಯಂ ಮತ್ತು ಅಳಿಯಸಂತಾನಕ್ಕೆ ಸೇರಿದ್ದವರಿಗಾಗಿ ಈ ಸಾಲನ್ನು ತಿದ್ದುತ್ತದೆ. ಮೊದಲು ಮಕ್ಕಳು ಮತ್ತು ತಾಯಿ. ಎರಡನೆಯದಾಗಿ ತಂದೆ ಮತ್ತು ಗಂಡ. ಮೂರನೆಯದಾಗಿ ತಾಯಿಯ ವಾರಸುದಾರರು. ಆಮೇಲೆ ತಂದೆಯ ವಾರಸುದಾರರು. ಕಟ್ಟಕಡೆಗೆ ಗಂಡನ ವಾರಸುದಾರರು. ಹೆಸರುಗಳು ಅವೇ, ನಿಲ್ಲಿಸಿದ ಕ್ರಮ ಬೇರೆ. ದೇಶದ ಸಾಲಿನಲ್ಲಿ ಎರಡನೆಯವರಾಗಿದ್ದವರು ನಮ್ಮ ಸಾಲಿನಲ್ಲಿ ಕೊನೆಯವರು. ತಾಯಿ ಮೊದಲ ಸ್ಥಾನಕ್ಕೆ ಬಂದಳು. ಭೂತಾಳಪಾಂಡ್ಯನ ಕಟ್ಟು ಹೋದರೂ ಅದರ ನೆರಳು ಈ ಐದು ಮೆಟ್ಟಿಲುಗಳಲ್ಲಿ ಉಳಿದಿದೆ.

ಇದಲ್ಲದೆ 7ನೆಯ ಸೆಕ್ಷನ್, ಅವಿಭಕ್ತ ಕುಟುಂಬದ ಸದಸ್ಯರೊಬ್ಬರು ತೀರಿಕೊಂಡರೆ, ಅದಕ್ಕೆ ತುಸು ಮುಂಚೆ ಬದುಕಿರುವ ಎಲ್ಲ ಸದಸ್ಯರಿಗೂ ತಲೆಯೆಣಿಕೆಯಂತೆ ಪಾಲಾಗಿತ್ತೆಂದು ಭಾವಿಸಿ, ಆ ಪಾಲನ್ನು ಮೃತರಿಗೆ ಪೂರ್ಣಹಕ್ಕಿನಿಂದ ಸಂದದ್ದೆಂದು ಎಣಿಸಬೇಕು ಎಂದಿತು. ಅಳಿಯಸಂತಾನ ಕಾನೂನಿನಂತೆ ಅವರಿಗೆ ಪಾಲು ಕೇಳುವ ಹಕ್ಕಿತ್ತೇ ಇಲ್ಲವೇ ಎಂದು ನೋಡಬೇಕಾಗಿಲ್ಲ. 30ನೆಯ ಸೆಕ್ಷನ್, ಕುಟುಂಬದಲ್ಲಿ ತನಗಿರುವ ಹಕ್ಕಿನ ಬಗ್ಗೆ ಉಯಿಲು ಬರೆಯುವ ಸ್ವಾತಂತ್ರ್ಯವನ್ನು ಪ್ರತಿಯೊಬ್ಬ ಸದಸ್ಯನಿಗೂ ಸದಸ್ಯೆಗೂ ಕೊಟ್ಟಿತು.

ದೊಡ್ಡಜ್ಜಿ ತೀರಿಕೊಂಡದ್ದು 1958ರಲ್ಲಿ. ಅವಳನ್ನೂ ಸೇರಿಸಿ ಆಗ ಕುಟುಂಬದಲ್ಲಿದ್ದವರು ಹದಿನಾಲ್ಕು ಮಂದಿ. ಹನ್ನೆರಡು ವರ್ಷದ ನಾನೂ ಒಬ್ಬ. ತಲೆಯೆಣಿಕೆಯಲ್ಲಿ ಯಜಮಾನರಿಗೂ ನನಗೂ ಭೇದವಿರಲಿಲ್ಲ. ಹದಿನಾಲ್ಕರಲ್ಲಿ ಒಂದಂಶ ದೊಡ್ಡಜ್ಜಿಯದೆಂದಾಯಿತು. ಅದು ಅವಳ ಇಬ್ಬರು ಮಕ್ಕಳಿಗೆ ಸಮನಾಗಿ ಹೋಯಿತು. ಅವರ ಸ್ವಂತ ಅಂಶ ಬೇರೆ. ಹೀಗೆ ಪ್ರತಿಯೊಬ್ಬ ಮಗನಿಗೂ ಹದಿನಾಲ್ಕರಲ್ಲೊಂದು ಮತ್ತು ಇಪ್ಪತ್ತೆಂಟರಲ್ಲೊಂದು, ಅಂದರೆ ಇಪ್ಪತ್ತೆಂಟರಲ್ಲಿ ಮೂರು ಅಂಶವೆಂದು ಲೆಕ್ಕ ಹಾಕಿದರು. ಆ ಲೆಕ್ಕದ ಮೇಲೆಯೇ 1961ರಲ್ಲಿ ಎಲ್ಲರೂ ಒಪ್ಪಿ ಪಾಲುಪತ್ರಕ್ಕೆ ಸಹಿ ಹಾಕಿದರು. ಆ ಪತ್ರದಲ್ಲಿ ‘ನಿಸ್ಸಂತತಿ’ ಎಂಬ ಶಬ್ದ ಎಲ್ಲಿಯೂ ಇಲ್ಲ. ಅದನ್ನು ನಾನು ಓದಿದ್ದೇನೆ.

ಗಡಿಯ ಆಚೆ, ಈಚೆ

ಒಂದೇ ರೂಢಿ ಎರಡು ರಾಜ್ಯಗಳಲ್ಲಿ ಎರಡು ದಾರಿ ಹಿಡಿದುದೂ ಗಮನಾರ್ಹ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಂಗಳೂರು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದವು. ಕೇರಳವು 1975ರಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಪಡಿಸುವ ಕಾಯಿದೆ ಮಾಡಿ 1976ರ ಡಿಸೆಂಬರ್ 1ರಿಂದ ಜಾರಿಗೆ ತಂದಿತು. ಆ ದಿನದಿಂದ ಕಾಸರಗೋಡಿನ ಅಳಿಯಸಂತಾನ ಕುಟುಂಬಗಳ ಆಸ್ತಿ ತಲೆಯೆಣಿಕೆಯಂತೆ ಬೇರ್ಪಟ್ಟದ್ದೆಂದು ಭಾವಿಸಲ್ಪಟ್ಟಿತು. ಅಂಥ ರದ್ದತಿ ಕಾನೂನು ಕರ್ನಾಟಕದಲ್ಲಿ ಬರಲಿಲ್ಲ. ಇಲ್ಲಿ ಹಳೆಯದು ಒಬ್ಬೊಬ್ಬರ ಮರಣದೊಂದಿಗೆ, ಒಂದೊಂದು ಪಾಲುಪತ್ರದೊಂದಿಗೆ ಮೆಲ್ಲಗೆ ಕರಗಿತು. 1974ರ ಮಾರ್ಚ್ 1ರಂದು ಜಾರಿಯಾದ ಭೂಸುಧಾರಣೆಯಿಂದ ಗೇಣಿ ಭೂಮಿಗಳು ಸರಕಾರದ ವಶವಾಗಿ ಉಳುವವರ ಕೈಸೇರಿದಾಗ, ಹಂಚಿಕೊಳ್ಳಲು ಉಳಿದದ್ದೇ ಹಲವು ಮನೆತನಗಳಲ್ಲಿ ಮನೆ ಮತ್ತು ಹಿತ್ತಿಲು. ತಲಪಾಡಿಯ ಆಚೆಗೂ ಈಚೆಗೂ ಬಾಳುತ್ತಿದ್ದ ಒಡಹುಟ್ಟಿದವರಿಗೆ ಬೇರೆ ಬೇರೆ ನಿಯಮ ಅನ್ವಯಿಸಿತು. ಒಂದೇ ಬರವಣಿಗೆಯನ್ನು ಇಬ್ಬರು ದುಭಾಷಿಗಳು ಬೇರೆ ಬೇರೆಯಾಗಿ ಓದಿದಂತೆ.

ಮತ್ತೆ ಯಂತ್ರದ ಕಡೆಗೆ

ಈಗ ಕಂಪ್ಯೂಟರಿನ ಸಾಲಿಗೆ ಮರಳೋಣ. ನೆದರ್ಲೆಂಡ್ಸ್ ದೇಶದ ಗೀಡೋ ವಾನ್ ರೋಸಮ್ ಎಂಬವರು 1989ರ ಕ್ರಿಸ್ಮಸ್ ರಜೆಯಲ್ಲಿ ಬರೆಯಲು ತೊಡಗಿ 1991ರಲ್ಲಿ ಹೊರತಂದ ಭಾಷೆ ಪೈಥಾನ್. ಹೆಸರು ಹಾವಿನಿಂದ ಬಂದದ್ದಲ್ಲ, ಬ್ರಿಟನ್ನಿನ ಒಂದು ಹಾಸ್ಯ ತಂಡದಿಂದ ಬಂದದ್ದು. ಅದರ ಮೊದಲ ನಿಯಮ ಸರಳವಾಗಿತ್ತು. ಎಡಗಡೆಯ ಹಿರಿಯನಿಂದ ಆರಂಭಿಸಿ ಅವನ ಮೂಲದವರೆಗೆ ಹೋಗು. ಅಲ್ಲಿ ಸಿಗದಿದ್ದರೆ ಮಾತ್ರ ಬಲಗಡೆಯ ಹಿರಿಯನ ಬಳಿಗೆ ಬಾ.

ಇದರಲ್ಲಿ ಏನು ತೊಂದರೆ? ನಮ್ಮ ಊರಿನ ಉದಾಹರಣೆ ಕೊಡುತ್ತೇನೆ. ಅಜ್ಜಿಯ ಮನೆಯಲ್ಲಿ ಅಕ್ಕಿಯನ್ನು ಮುಡಿ ಲೆಕ್ಕದಲ್ಲಿ ಅಳೆಯುತ್ತಿದ್ದರು ಎನ್ನೋಣ. ಅಜ್ಜಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಅಳತೆಯ ಬಗ್ಗೆ ಹೊಸತೇನೂ ಹೇಳಲಿಲ್ಲ. ಚಿಕ್ಕವಳು ಕಿಲೋಗ್ರಾಮಿಗೆ ಬದಲಾಯಿಸಿಕೊಂಡಳು. ಈಗ ಇಬ್ಬರಿಂದಲೂ ಕಲಿಯುವ ಒಂದು ಮಗು ಇದೆ. ಅದು ಮೊದಲು ದೊಡ್ಡವಳನ್ನು ಕೇಳುತ್ತದೆ, ಉತ್ತರವಿಲ್ಲ. ಹಳೆಯ ನಿಯಮದಂತೆ ನೇರವಾಗಿ ಅಜ್ಜಿಯ ಬಳಿಗೆ ಹೋಗುತ್ತದೆ, ಮುಡಿ ಎಂಬ ಉತ್ತರ ಸಿಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಚಿಕ್ಕವಳು ತಿದ್ದಿದ ಹೊಸ ಕ್ರಮ ಮನೆಯೊಳಗೇ ಇದ್ದರೂ ಮಗುವಿಗೆ ತಲಪುವುದೇ ಇಲ್ಲ. ಇಬ್ಬರು ಮಕ್ಕಳನ್ನೂ ಕೇಳಿದ ಮೇಲೆಯೇ ಅವರ ತಾಯಿಯನ್ನು ಕೇಳಬೇಕಾದುದು ನ್ಯಾಯ. ಮೇಲೆ ಒಂದೇ ಅಜ್ಜಿ, ನಡುವೆ ಇಬ್ಬರು, ಕೆಳಗೆ ಒಂದು ಮಗು. ಗೆರೆಯೆಳೆದರೆ ಇಸ್ಪೀಟಿನ ಡೈಮಂಡಿನ ಆಕಾರ ಬರುವುದರಿಂದ ಇದಕ್ಕೆ ‘ಡೈಮಂಡ್ ಸಮಸ್ಯೆ’ ಎಂದೇ ಹೆಸರು.

2001ರ ಕೊನೆಯಲ್ಲಿ ಬಂದ ಪೈಥಾನ್ 2.2 ಆವೃತ್ತಿಯು ಹೊಸ ಬಗೆಯ ಕ್ಲಾಸುಗಳಿಗೆ ಬೇರೊಂದು ಸಾಲನ್ನು ಕಟ್ಟಿತು. ಅದರಲ್ಲಿಯೂ ದೋಷವಿದೆಯೆಂದು 2002ರಲ್ಲಿ ಸ್ಯಾಮುವೆಲೆ ಪೆಡ್ರೋನಿ ಎಂಬವರು ತೋರಿಸಿಕೊಟ್ಟರು. ಡಿಲನ್ ಎಂಬ ಭಾಷೆಗಾಗಿ 1996ರ ಒಂದು ಪ್ರಬಂಧದಲ್ಲಿ ವಿವರಿಸಲಾಗಿದ್ದ ‘ಸಿ3’ ಎಂಬ ಕ್ರಮವನ್ನು ಸೂಚಿಸಿದರು. 2003ರ ಜುಲೈಯಲ್ಲಿ ಬಂದ ಪೈಥಾನ್ 2.3 ಅದನ್ನು ಸ್ವೀಕರಿಸಿತು. ಇಂದಿಗೂ ಅದೇ ನಡೆಯುತ್ತಿದೆ.

ಸಿ3 ಪಾಲಿಸುವ ಕಟ್ಟಳೆಗಳು ಮೂರು. ಕಿರಿಯರು ಯಾವಾಗಲೂ ತಮ್ಮ ಹಿರಿಯರಿಗಿಂತ ಮೊದಲು ಬರಬೇಕು. ಇಬ್ಬರು ಹಿರಿಯರನ್ನು ಬರೆದವನು ಯಾವ ಕ್ರಮದಲ್ಲಿ ಬರೆದಿದ್ದಾನೋ ಆ ಕ್ರಮ ಉಳಿಯಬೇಕು. ಹಿರಿಯನ ಸಾಲಿನಲ್ಲಿ ಒಬ್ಬನು ಇನ್ನೊಬ್ಬನಿಗಿಂತ ಮೊದಲಿದ್ದರೆ, ಕಿರಿಯನ ಸಾಲಿನಲ್ಲಿಯೂ ಅದು ತಲೆಕೆಳಗಾಗಬಾರದು. ಈ ಮೂರನ್ನೂ ಒಟ್ಟಿಗೆ ಪಾಲಿಸಲು ಸಾಧ್ಯವಾಗದ ಸಂದರ್ಭವೂ ಬರಬಹುದು. ಒಂದು ಮನೆಯವರು ‘ಅಕ್ಕ ಮೊದಲು’ ಎನ್ನುತ್ತಾರೆ, ಇನ್ನೊಂದು ಮನೆಯವರು ‘ತಂಗಿ ಮೊದಲು’ ಎನ್ನುತ್ತಾರೆ, ಮೂರನೆಯವನು ಎರಡೂ ಮನೆಗಳಿಗೆ ವಾರಸುದಾರನಾಗ ಹೊರಡುತ್ತಾನೆ. ಆಗ ಪೈಥಾನ್ ಊಹೆಯಿಂದ ತೀರ್ಪು ಕೊಡುವುದಿಲ್ಲ. ಇಂಥ ಕ್ಲಾಸನ್ನು ಕಟ್ಟಲಾಗದು ಎಂದು ಆರಂಭದಲ್ಲಿಯೇ ನಿರಾಕರಿಸುತ್ತದೆ. ವ್ಯಾಜ್ಯವನ್ನು ಮೂರು ತಲೆಮಾರು ಎಳೆಯುವುದಕ್ಕಿಂತ ಇದು ಎಷ್ಟೋ ಮೇಲು!

ಸಾಲನ್ನು ತಿದ್ದುವ ಹಕ್ಕು

ನನ್ನ ವಿದ್ಯಾರ್ಥಿ ಹೇಳಿದ ‘ತಿದ್ದಿ ಬರೆಯುವ’ ವಿಷಯಕ್ಕೆ ಈಗ ಬರೋಣ. ಭಾಷೆಯನ್ನು ಮಾಡಿದವರು ಕಟ್ಟಿದ ಸಾಲು ಎಲ್ಲರಿಗೂ ಸರಿಹೊಂದಬೇಕೆಂದಿಲ್ಲ. ಬಳಸುವವನಿಗೇ ಅದನ್ನು ಬದಲಿಸುವ ದಾರಿ ಕೊಡಬೇಕೆಂಬ ವಿಚಾರವನ್ನು ಲಿಸ್ಪ್ ಪರಂಪರೆಯ ಕಿಚಾಲೆಸ್, ದೆ ರಿವಿಯೇರ್, ಬಾಬ್ರೋ ಎಂಬ ಮೂವರು 1991ರಲ್ಲಿ ಪ್ರಕಟಿಸಿದ ‘ದಿ ಆರ್ಟ್ ಆಫ್ ದ ಮೆಟಾಆಬ್ಜೆಕ್ಟ್ ಪ್ರೊಟೊಕಾಲ್’ ಎಂಬ ಗ್ರಂಥ ವಿಸ್ತಾರವಾಗಿ ನಿರೂಪಿಸಿತು. ಪೈಥಾನಿನಲ್ಲಿ ಪ್ರತಿಯೊಂದು ಕ್ಲಾಸಿಗೂ ಅದನ್ನು ನಿರ್ಮಿಸುವ ಇನ್ನೊಂದು ಕ್ಲಾಸು ಉಂಟು. ಅದಕ್ಕೆ ಮೆಟಾಕ್ಲಾಸ್ ಎನ್ನುತ್ತಾರೆ. ಸಾಲನ್ನು ಕಟ್ಟುವ ‘ಎಂಆರ್‌ಒ’ ಎಂಬ ವಿಧಾನ ಇರುವುದು ಅಲ್ಲಿ. ಅದನ್ನು ನಾವು ಬೇರೆಯಾಗಿ ಬರೆದುಕೊಟ್ಟರೆ ದುಭಾಷಿಯು ಸಿ3 ಕ್ರಮವನ್ನು ಬಿಟ್ಟು ನಮ್ಮ ಸಾಲನ್ನೇ ಸ್ವೀಕರಿಸುತ್ತದೆ. ಕ್ಲಾಸು ಹುಟ್ಟುವಾಗಲೇ ಸಾಲನ್ನು ಕಟ್ಟಿ ದಾಖಲೆಯಂತೆ ಇಟ್ಟುಕೊಳ್ಳುತ್ತದೆ. 1987ರಲ್ಲಿ ಲ್ಯಾರಿ ವಾಲ್ ಹೊರತಂದ ಪರ್ಲ್ ಭಾಷೆಯಲ್ಲಿ ದಾರಿ ಬೇರೆ. ಅಲ್ಲಿ ಹಳೆಯ ಆಳಕ್ಕಿಳಿಯುವ ಕ್ರಮವೇ ಸಾಮಾನ್ಯ ನಿಯಮವಾಗಿ ಉಳಿಯಿತು. 2007ರ ಡಿಸೆಂಬರಿನಲ್ಲಿ ಬಂದ 5.10 ಆವೃತ್ತಿಯಿಂದ, ಬೇಕೆಂದವರು ತಮ್ಮ ಕ್ಲಾಸಿಗೆ ಮಾತ್ರ ಸಿ3 ಕ್ರಮವನ್ನು ಆರಿಸಿಕೊಳ್ಳಲು ಅವಕಾಶವಾಯಿತು. ಹಳೆಯ ಬರವಣಿಗೆಗಳು ಕೆಡದಂತೆ ಹೊಸತಕ್ಕೆ ಜಾಗ ಮಾಡಿದ ಜಾಣತನವದು.

ಈಗ ಹೋಲಿಕೆ ಸ್ಪಷ್ಟವಾಗಿರಬೇಕು. 15ನೆಯ ಸೆಕ್ಷನ್ ಭಾಷೆಯ ಸಾಮಾನ್ಯ ನಿಯಮದಂತೆ. 17ನೆಯದು ಒಂದು ಸಮುದಾಯ ಪರ್ಲಿನ ರೀತಿಯಲ್ಲಿ ತನಗಾಗಿ ಆರಿಸಿಕೊಂಡ ಬೇರೆ ಕ್ರಮದಂತೆ. 30ನೆಯ ಸೆಕ್ಷನ್ನಿನ ಉಯಿಲು ಪೈಥಾನಿನ ರೀತಿಯಲ್ಲಿ ಒಬ್ಬನು ಸ್ವಂತ ಕೈಯಿಂದ ಬರೆಯುವ ಸಾಲಿನಂತೆ. ಎರಡೂ ಕಡೆ ಒಂದೇ ಅನುಭವ ಕಂಡುಬರುತ್ತದೆ. ಸಾಮಾನ್ಯ ನಿಯಮ ಬೇಕು, ಇಲ್ಲವಾದರೆ ದಿನನಿತ್ಯದ ವ್ಯವಹಾರ ಸಾಗದು. ಅದನ್ನು ಮೀರುವ ದಾರಿಯೂ ಬೇಕು, ಇಲ್ಲವಾದರೆ ನಿಯಮಕ್ಕೆ ಹೊಂದದವನಿಗೆ ಅನ್ಯಾಯವಾಗುತ್ತದೆ. ಮೀರಿದವನು ಅದನ್ನು ಬರವಣಿಗೆಯಲ್ಲಿ ಸ್ಪಷ್ಟವಾಗಿ ಇಡಬೇಕು, ಇಲ್ಲವಾದರೆ ಮುಂದೆ ಓದುವವನು ದಾರಿ ತಪ್ಪುತ್ತಾನೆ.

ಹೋಲಿಕೆ ನಿಲ್ಲುವ ಜಾಗವನ್ನೂ ಹೇಳಬೇಕು. ಯಂತ್ರದಲ್ಲಿ ವಾರಸು ಪಡೆದರೆ ಹಿರಿಯನಿಗೆ ಏನೂ ಕಡಿಮೆಯಾಗುವುದಿಲ್ಲ. ನೂರು ಕ್ಲಾಸುಗಳು ಒಂದೇ ವಿಧಾನವನ್ನು ಪೂರ್ಣವಾಗಿ ಪಡೆಯಬಹುದು. ಹಿತ್ತಿಲು ಹಾಗಲ್ಲ, ಹದಿನಾಲ್ಕು ಮಂದಿಗೆ ಹಂಚಿದರೆ ಹದಿನಾಲ್ಕು ತುಂಡು. ಯಂತ್ರದಲ್ಲಿ ಎಲ್ಲ ವಿಧಾನಗಳಿಗೂ ಒಂದೇ ಸಾಲು. ನಮ್ಮಲ್ಲಿ ಒಬ್ಬನೇ ಮನುಷ್ಯ ಹಲವು ಸಾಲುಗಳಲ್ಲಿ ನಿಂತಿರುತ್ತಾನೆ. ಆಸ್ತಿ ಇಂದು ತಂದೆತಾಯಿ ಇಬ್ಬರಿಂದಲೂ ಬರುತ್ತದೆ. ಬಳಿ ಮಾತ್ರ ತಾಯಿಯಿಂದಲೇ ಬರುತ್ತದೆ. ಮದುವೆಯ ಮಾತುಕತೆಯಲ್ಲಿ ಬಂಟರು, ಬಿಲ್ಲವರು ಈಗಲೂ ಮೊದಲು ಕೇಳುವುದು ಬಳಿಯನ್ನು. ಶಾಲೆಯ ದಾಖಲೆಗೆ ಹೋಗುವ ಇನಿಶಿಯಲ್ ಬಹುತೇಕ ತಂದೆಯದು. ಇನ್ನು ಊರಿನ ಹೆಸರು ಬೇರೆಯೇ ಒಂದು ವಾರಸು. 1931ರಲ್ಲಿ ವಿಜಯಾ ಬ್ಯಾಂಕನ್ನು ಸ್ಥಾಪಿಸಿದ ಎ.ಬಿ. ಶೆಟ್ಟರ ಹೆಸರಿನ ಮೊದಲಕ್ಷರ ನಮ್ಮ ಅತ್ತಾವರವೇ. ಆ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಆದರೆ ಶೆಟ್ಟರ ಹೆಸರಿನೊಳಗೆ ಅತ್ತಾವರ ಹಾಗೆಯೇ ಉಳಿದಿದೆ.

ಇಂದು ಅತ್ತಾವರದಲ್ಲಿ ಚಾವಡಿಯಿದ್ದ ಮನೆಗಳು ಅಪರೂಪ. ಆಸ್ಪತ್ರೆ, ಕಾಲೇಜು, ರೈಲು ನಿಲ್ದಾಣಗಳ ನಡುವೆ ಹಿತ್ತಿಲುಗಳೆಲ್ಲ ಫ್ಲ್ಯಾಟುಗಳಾಗಿವೆ. ಪ್ರತಿಯೊಂದು ಬಾಗಿಲಿಗೂ ಬೇರೆ ಬೇರೆ ಖಾತೆ. ಯಜಮಾನರ ಪೆಟ್ಟಿಗೆಯ ಜಾಗದಲ್ಲಿ ಬ್ಯಾಂಕಿನ ಲಾಕರು ಬಂದಿದೆ. ನನ್ನ ವಯಸ್ಸಿನ ಬಂಧುಗಳಲ್ಲಿ ಹಲವರು ಉಯಿಲು ಬರೆಯಲು ಹಿಂಜರಿಯುತ್ತಾರೆ. ಬರೆದರೆ ಅಪಶಕುನ, ಮಕ್ಕಳು ಏನೆಂದುಕೊಂಡಾರು ಎಂಬ ಭಾವನೆ. ಅವರಿಗೆ ನನ್ನ ವಿನಂತಿ ಒಂದೇ. ನೀವು ಬರೆಯದಿದ್ದರೂ ಒಂದು ಸಾಲು ಇದ್ದೇ ಇರುತ್ತದೆ. ಅದನ್ನು ನಿಮ್ಮನ್ನು ಕಾಣದವರು, ನಿಮ್ಮ ಮನೆಯನ್ನು ಅರಿಯದವರು ಕಟ್ಟಿದ್ದಾರೆ. ಆ ಸಾಲು ನಿಮಗೆ ಒಪ್ಪಿಗೆಯಾದರೆ ಸರಿ. ಒಪ್ಪಿಗೆಯಾಗದಿದ್ದರೆ ತಿದ್ದುವ ಹಕ್ಕನ್ನು ಕಾನೂನು ನಿಮಗೆ ಕೊಟ್ಟಿದೆ. ಮುಖ್ಯವಾಗಿ ಹೆಣ್ಣುಮಕ್ಕಳು ಈ ಎರಡು ಸೆಕ್ಷನ್ನುಗಳಲ್ಲಿ ತಮಗೆ ಅನ್ವಯಿಸುವುದು ಯಾವುದೆಂದು ತಿಳಿದವರನ್ನು ಕೇಳಿ ನಿಶ್ಚಯಿಸಿಕೊಳ್ಳಲಿ.

ಸಾಫ್ಟ್‌ವೇರಿನಲ್ಲಿರುವ ನನ್ನ ವಿದ್ಯಾರ್ಥಿಗಳಿಗೂ ಒಂದು ಮಾತು. ಸಾಲನ್ನು ಕಟ್ಟುವಾಗ ಕೊನೆಯಲ್ಲಿ ಯಾರು ನಿಲ್ಲುತ್ತಾರೆಂದು ಒಮ್ಮೆ ನೋಡಿ, ಆ ಕೊನೆಯ ಸ್ಥಾನಕ್ಕೆ ಹೆಸರಿಡುವಾಗ ಇನ್ನೊಮ್ಮೆ ಯೋಚಿಸಿ. ಯಂತ್ರಕ್ಕೆ ಯಾವ ಹೆಸರಾದರೂ ಒಂದೇ. ಅದನ್ನು ಓದುವವರು ಮನುಷ್ಯರು.